1815ರ ಕಾಮಿಕ್ಸ್, ಏಳು ಜನರ ಒಂದೇ ಜಗತ್ತು: ತಂಬೋರಾದ ಕತ್ತಲಲ್ಲಿ ಎರಡು ನೆರಳು ಬಿಡಿಸೋದು ಹೇಗೆ?

ಮಸಿಕುಡಿಕೆ:
ನಮ್ಮದು ಏಳು ಜನ ಹಂಚಿಕೊಂಡ ಕಲ್ಪಿತ ಜಗತ್ತು. ಇದುವರೆಗಿನ ಕತೆಗಳೆಲ್ಲ ಈಗಿನ ಕಾಲದಲ್ಲಿ ನಡೆಯುವಂಥವು. ಜಗತ್ತಿಗೆ ಇರುವ ವಿಚಿತ್ರ ನಿಯಮ ಒಂದೇ: 1815ರ ಏಪ್ರಿಲ್‌ನಲ್ಲಿ ಈಗಿನ ಇಂಡೊನೇಷ್ಯಾದ ಸುಂಬಾವಾ ದ್ವೀಪದ ತಂಬೋರಾ ಜ್ವಾಲಾಮುಖಿ ಸಿಡಿದಾಗ, ಅದರ ಬೂದಿ ಬಿದ್ದ ನೀರು ಕುಡಿದವರಿಗೂ ಅವರ ಸಂತತಿಗೂ ಎರಡೆರಡು ನೆರಳು. ಉಳಿದದ್ದೆಲ್ಲ ನಿಜವಾದ ಇತಿಹಾಸ, ಅದನ್ನು ಮುಟ್ಟುವ ಹಾಗಿಲ್ಲ ಅಂತ ಮೊದಲೇ ಒಪ್ಪಂದ.

ಈಗ ಆ ಮೊದಲ ದಿನಗಳನ್ನೇ 32 ಪುಟದ ಕಾಮಿಕ್ಸ್ ಮಾಡಬೇಕು. ತೊಡಕು ಏನಪ್ಪಾ ಅಂದ್ರೆ, ಬೇರೆಯವರ ಕತೆಗಳಲ್ಲಿ 1815ರ ಬಗ್ಗೆ ಈಗಾಗಲೇ ಮಾತು ಬಂದುಬಿಟ್ಟಿದೆ. ಒಂದು ಕತೆಯ ಮುದುಕಿ "ಆ ರಾತ್ರಿ ಹುಣ್ಣಿಮೆ ಬೆಳಕು ಕೆಂಪಾಯ್ತಂತೆ" ಅನ್ನುತ್ತಾಳೆ. ಇನ್ನೊಂದರಲ್ಲಿ ಜಾವಾದ ಸಿಪಾಯಿಯೊಬ್ಬ ಅದೇ ವಾರ ನೆಪೋಲಿಯನ್ ತಪ್ಪಿಸಿಕೊಂಡ ಸುದ್ದಿ ಹೇಳುತ್ತಾನೆ. ಇದನ್ನೆಲ್ಲ ಒಟ್ಟಿಗೆ ಹೊಲಿಯೋದು ಹೇಗೆ? ಎರಡನೆಯದು, ಎರಡು ನೆರಳು ಅಂತ ಗದ್ಯದಲ್ಲಿ ಬರೆಯೋದು ಸುಲಭ, ಚಿತ್ರದಲ್ಲಿ ಓದುಗರು "ಎರಡು ದೀಪ ಇದೆ" ಅಂದುಕೊಂಡುಬಿಟ್ಟರೆ? ಸ್ಕ್ರಿಪ್ಟ್ ಇನ್ನೂ ಮೊದಲ ಕರಡು. ಯಾರು ಏನು ಬೇಕಾದರೂ ಬೈಯಬಹುದು.

ಕಾಲಗಣಕ:
ಸ್ಕ್ರಿಪ್ಟ್ ಬದಿಗಿಡಿ. ಮೊದಲು ಒಂದು ಲೆಕ್ಕದ ಹಾಳೆ ಮಾಡಿ. ಒಂದು ಸಾಲಿಗೆ ಒಂದೇ ಸಂಗತಿ. ದಿನಾಂಕ, ಸ್ಥಳದ ಹೊತ್ತು, ಜಾಗ, ಅಲ್ಲಿ ಯಾರಿದ್ದರು, ಯಾವ ಕತೆಯ ಎಷ್ಟನೇ ಪುಟದಲ್ಲಿ ಬಂತು, ಹೇಳಿದವರು ಯಾರು, ಕೊನೆಗೆ ಸ್ಥಿತಿ. ಸ್ಥಿತಿಗೆ ಮೂರೇ ಪದ ಇಟ್ಟುಕೊಳ್ಳಿ: ಗಟ್ಟಿ, ಬಾಯಿಮಾತು, ಖಾಲಿ. ಕಣ್ಣೆದುರು ನಡೆದಂತೆ ಬಂದದ್ದು ಗಟ್ಟಿ. ಪಾತ್ರವೊಂದು ಹೇಳಿದ್ದು ಮಾತ್ರ ಬಾಯಿಮಾತು. ಯಾರೂ ಮುಟ್ಟದ್ದು ಖಾಲಿ. ನಿಮ್ಮ 32 ಪುಟ ಬೆಳೆಯಬೇಕಾದದ್ದು ಈ ಖಾಲಿ ಸಾಲುಗಳಲ್ಲಿ.

ಪಾತ್ರಗಳ ವಯಸ್ಸಿಗೆ ಬೇರೆ ಹಾಳೆ. ಹುಟ್ಟಿದ ವರ್ಷ ಬರೆಯಿರಿ, ವಯಸ್ಸು ಬರೆಯಬೇಡಿ. ಸಂತತಿಯ ನಿಯಮ ಇರೋದರಿಂದ 1815ರಿಂದ ಇಂದಿನವರೆಗೆ ತಲೆಮಾರಿಗೆ 25ರಿಂದ 30 ವರ್ಷ ಅಂತ ಹಿಡಿದರೆ ಏಳೆಂಟು ತಲೆಮಾರು ಆಗುತ್ತೆ. ಯಾವನಾದರೂ "ನನ್ನ ಮುತ್ತಜ್ಜ ಬೂದಿ ನೀರು ಕುಡಿದಿದ್ದ" ಅಂತ ಬರೆದಿದ್ದರೆ ಅಲ್ಲೇ ಕ್ಯಾನನ್, ಅಂದರೆ ಎಲ್ಲರೂ ಒಪ್ಪಿದ ಕತೆಯ ಚೌಕಟ್ಟು, ಒಡೆಯುತ್ತೆ.

ಹಡಗುಹುಚ್ಚ:
ಕ್ಯಾನನ್ ಒಡೆದರೆ ಸದ್ದು ಜಾವಾದ ಯೋಗ್ಯಕರ್ತಾವರೆಗೂ ಕೇಳುತ್ತೆ 😄

ಕಾಲಗಣಕ:
ಆ ಫಿರಂಗಿ ಅಲ್ಲ ಮಾರಾಯ.

ಅಡ್ಡಗೆರೆ:
ಹುಣ್ಣಿಮೆ ಮಾತು ಈಗಲೇ ಬಗೆಹರಿಸಿ. ದೊಡ್ಡ ಸ್ಫೋಟ ಆದದ್ದು 1815ರ ಏಪ್ರಿಲ್ 10ರ ಸಂಜೆ. ಅದು ಅಮಾವಾಸ್ಯೆಯ ಆಸುಪಾಸು. ಚಂದ್ರ ಇದ್ದರೂ ಉಗುರಿನ ಚೂರಿನಷ್ಟು, ಸೂರ್ಯನ ಬೆನ್ನಿಗೇ ಮುಳುಗಿಹೋಗುವಂಥದ್ದು. ಹಳೆಯ ತಾರೀಖಿಗೆ ಚಂದ್ರ ಎಷ್ಟಿದ್ದ ಅಂತ ನೋಡಲು ಯಾವುದಾದರೂ ಉಚಿತ ತಾರಾಮಂಡಲದ ತಂತ್ರಾಂಶ ಸಾಕು, ಎರಡು ನಿಮಿಷದ ಕೆಲಸ. ರಾತ್ರಿಯ ಪ್ರತಿ ಚೌಕಕ್ಕೂ (ಪುಟದಲ್ಲಿನ ಒಂದೊಂದು ಚಿತ್ರಕ್ಕೂ) ಇದನ್ನು ನೋಡಬೇಕು.

ಮಸಿಕುಡಿಕೆ:
ಅಯ್ಯೋ. ಆ ಕತೆ ಅಚ್ಚಾಗಿಹೋಗಿದೆ.

ಕಾಲಗಣಕ:
ಹೇಳಿದ್ದು ಮುದುಕಿ ತಾನೆ? ಅದೂ "ಆಯ್ತಂತೆ" ಅಂತ. ಬಾಯಿಮಾತು ಸಾಲಿಗೆ ಹಾಕಿ. ಚೌಕದಲ್ಲಿ ಬಿಡಿಸಿದ್ದು ಬಾಯಲ್ಲಿ ಹೇಳಿದ್ದಕ್ಕಿಂತ ಮೇಲು ಅಂತ ಏಳೂ ಜನ ಬರೆದು ಒಪ್ಪಿಕೊಂಡರೆ ಮುಗೀತು. ಏಳೆಂಟು ತಲೆಮಾರು ದಾಟಿ ಬಂದ ಕತೆಯಲ್ಲಿ ಅಮಾವಾಸ್ಯೆ ಹುಣ್ಣಿಮೆಯಾಗೋದು ಸಹಜವೇ.

ಬೂದಿಬಣ್ಣ:
ಇದು ಸೋಮಾರಿಗಳ ದಾರಿ. ಪ್ರತಿ ತಪ್ಪಿಗೂ "ಅಜ್ಜಿ ಮರೆತಳು" ಅಂತ ತೇಪೆ ಹಾಕುತ್ತಾ ಹೋದರೆ ಮುಂದೆ ಯಾವ ಅಜ್ಜಿಯ ಮಾತನ್ನೂ ಓದುಗ ನಂಬಲ್ಲ. ಇಡೀ ಪುಸ್ತಕದಲ್ಲಿ ಒಮ್ಮೆ ಮಾತ್ರ ಬಳಸಿ. ಬಳಸಿದರೆ ಕತೆಗೆ ಲಾಭ ಆಗುವಂತೆ ಬಳಸಿ. ಚಂದ್ರನಿಲ್ಲದ ರಾತ್ರಿಯಲ್ಲಿ ಅವಳು "ಹುಣ್ಣಿಮೆ" ಅಂದುಕೊಂಡದ್ದು ಏನನ್ನ? ಬೆಟ್ಟದ ಬೆಂಕಿಯನ್ನ. ಅದನ್ನೇ ಬಿಡಿಸಿ.

ಮಸಿಕುಡಿಕೆ:
ಇದು ಕದಿಯುವಂಥ ಐಡಿಯಾ. ಕದ್ದೆ.

ಹಡಗುಹುಚ್ಚ:
ಸಿಪಾಯಿಯ ಬಾಯಿಯ ಸುದ್ದಿಗೆ ಮಾತ್ರ ಉಳಿಗಾಲವಿಲ್ಲ. ನೆಪೋಲಿಯನ್ ತಾನು ಗಡೀಪಾರಾಗಿದ್ದ ಎಲ್ಬಾ ದ್ವೀಪ ಬಿಟ್ಟದ್ದು 1815ರ ಫೆಬ್ರವರಿ 26ಕ್ಕೆ, ಪ್ಯಾರಿಸ್ ಸೇರಿದ್ದು ಮಾರ್ಚ್ 20ಕ್ಕೆ. ಯೂರೋಪಿನಿಂದ ಗುಡ್ ಹೋಪ್ ಭೂಶಿರ ಸುತ್ತಿ ಜಾವಾ ಮುಟ್ಟಲು ಹಾಯಿಹಡಗಿಗೆ ತಿಂಗಳುಗಟ್ಟಲೆ ಬೇಕು, ನಾಲ್ಕೈದು ತಿಂಗಳು ಅಂದರೂ ಹೆಚ್ಚಲ್ಲ. ಅಂದರೆ ಏಪ್ರಿಲ್‌ನಲ್ಲಿ ಜಾವಾದಲ್ಲಿರುವ ಯಾರ ಪ್ರಕಾರವೂ ನೆಪೋಲಿಯನ್ ಇನ್ನೂ ಎಲ್ಬಾದಲ್ಲೇ ಇದ್ದಾನೆ. ಲೆಕ್ಕದ ಹಾಳೆಗೆ ಇನ್ನೊಂದು ಅಂಕಣ ಸೇರಿಸಿ: "ಈ ಸುದ್ದಿ ಇಲ್ಲಿಗೆ ಯಾವಾಗ ಮುಟ್ಟಿತು". ಐತಿಹಾಸಿಕ ಕತೆಗಳಲ್ಲಿ ಬಟ್ಟೆಬರೆ ಸರಿ ಇದ್ದು ಮುಗ್ಗರಿಸೋದು ಇಲ್ಲೇ, ಪಾತ್ರಗಳಿಗೆ ಗೊತ್ತಿರಬಾರದ್ದು ಗೊತ್ತಿರುತ್ತೆ.

ಇನ್ನು ಆಗ ಜಾವಾ ಬ್ರಿಟಿಷರ ಕೈಲಿತ್ತು, 1811ರಿಂದ 1816ರವರೆಗೆ. ರಾಫಲ್ಸ್ ಅಲ್ಲಿ ಲೆಫ್ಟಿನೆಂಟ್ ಗವರ್ನರ್. ಡಚ್ ಅಧಿಕಾರಿ, ಡಚ್ ಬಾವುಟ ಬಿಡಿಸಿದ್ದರೆ ಒರೆಸಿ.

ತೆರೆಮರೆ:
ಸಿಪಾಯಿ ಬದಲು ಬೇರೆ ಯಾರಿಗಾದರೂ ಮಾತು ಕೊಟ್ಟು ಉಳಿಸಿಕೊಳ್ಳಬಹುದಲ್ವಾ?

ಹಡಗುಹುಚ್ಚ:
ಯಾರಿಗೆ ಕೊಟ್ಟರೂ ಹಡಗು ಅದೇ, ಗಾಳಿ ಅದೇ.

ಅಡ್ಡಗೆರೆ:
ಸಿಪಾಯಿಗೆ ಇತಿಹಾಸವೇ ಇದಕ್ಕಿಂತ ಒಳ್ಳೆಯ ದೃಶ್ಯ ಕೊಟ್ಟಿದೆ. ಏಪ್ರಿಲ್ 5ರ ಸಂಜೆ ಮೊದಲ ಸ್ಫೋಟದ ಸದ್ದು ಜಾವಾದಲ್ಲಿ ಕೇಳಿದಾಗ ಎಲ್ಲರೂ ಅದನ್ನು ಫಿರಂಗಿ ಅಂದುಕೊಂಡರು. ಪಕ್ಕದ ಠಾಣೆಯ ಮೇಲೆ ದಾಳಿಯಾಗಿದೆ ಅಂತ ಯೋಗ್ಯಕರ್ತಾದಿಂದ ಒಂದು ತುಕಡಿಯೇ ಹೊರಟಿತು. ಕಡಲತಡಿಯಲ್ಲಿ ಯಾವುದೋ ಹಡಗು ಆಪತ್ತಿನಲ್ಲಿದೆ ಅಂತ ಎರಡು ಕಡೆ ದೋಣಿ ಕಳಿಸಿದರು. ಸುಲವೇಸಿ ದ್ವೀಪದ ಬಂದರು ಮಕಾಸ್ಸರ್‌ನಲ್ಲಿದ್ದ ಬೆನಾರೆಸ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಹಡಗು ಕಡಲ್ಗಳ್ಳರನ್ನು ಹುಡುಕಿಕೊಂಡು ಹೋಯಿತು. ಇಲ್ಲದ ಶತ್ರುವಿನ ಬೆನ್ನು ಹತ್ತಿದ ಸೈನಿಕರು! ನಾಲ್ಕು ಪುಟಕ್ಕೆ ಸಾಕಾಗುವಷ್ಟು ಸರಕು, ನೆಪೋಲಿಯನ್ ಯಾಕೆ ಬೇಕು?

ಚೌಕಟ್ಟು:
ಆ ನಾಲ್ಕು ಪುಟದಲ್ಲಿ ಸದ್ದಿನ ಲೆಕ್ಕ ತಪ್ಪಬೇಡಿ. ತಂಬೋರಾದಿಂದ ಯೋಗ್ಯಕರ್ತಾ ಸುಮಾರು 840 ಕಿ.ಮೀ. ಸೆಕೆಂಡಿಗೆ 340 ಮೀಟರ್ ಅಂದರೆ ಸದ್ದು ಮುಟ್ಟಲು ಸುಮಾರು 40 ನಿಮಿಷ. ಮಕಾಸ್ಸರ್ 380 ಕಿ.ಮೀ., 18-19 ನಿಮಿಷ. ಒಂದೇ ಪುಟದಲ್ಲಿ ಮೂರು ಊರು ಅಡ್ಡಡ್ಡ ಪಟ್ಟಿಯಾಗಿ ಬಿಡಿಸಿ "ಢಮಾರ್" ಅನ್ನೋ ಅಕ್ಷರ ಮೂರರಲ್ಲೂ ಹಾಯಿಸಿದರೆ ನೋಡೋಕೆ ಚೆಂದ, ಲೆಕ್ಕಕ್ಕೆ ಸುಳ್ಳು. ಒಂದೊಂದು ಪಟ್ಟಿಗೂ ಒಂದೊಂದು ಪುಟ ಕೊಟ್ಟು, ಸದ್ದಿನ ಅಕ್ಷರ ಚಿಕ್ಕದಾಗುತ್ತಾ ಹೋಗಲಿ.

ಕಾಲಗಣಕ:
ಇದಕ್ಕೊಂದು ತಿದ್ದುಪಡಿ. ಆಗ ಕಾಲವಲಯ ಅನ್ನೋದೇ ಇರಲಿಲ್ಲ. ಪ್ರತಿ ಊರಿಗೂ ಅದರದೇ ಸೂರ್ಯನ ಹೊತ್ತು. ಯೋಗ್ಯಕರ್ತಾ ತಂಬೋರಾಕ್ಕಿಂತ ಏಳೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ, ಒಂದು ಡಿಗ್ರಿಗೆ 4 ನಿಮಿಷದಂತೆ ಅಲ್ಲಿನ ಗಡಿಯಾರ ಸುಮಾರು 30 ನಿಮಿಷ ಹಿಂದೆ. ತಂಬೋರಾದಲ್ಲಿ 7 ಗಂಟೆಗೆ ಆದದ್ದು ಯೋಗ್ಯಕರ್ತಾದಲ್ಲಿ ಕೇಳಿಸುವಾಗ ಅಲ್ಲಿನ ಗಡಿಯಾರ ಸುಮಾರು 7:10 ತೋರಿಸುತ್ತೆ, 7:40 ಅಲ್ಲ. ಶೀರ್ಷಿಕೆ ಪಟ್ಟಿಯಲ್ಲಿ ಗಂಟೆ ಹಾಕದೆ "ಕತ್ತಲಾದ ಮೇಲೆ" ಅಂತ ಹಾಕಿದರೆ ಈ ತಲೆನೋವೇ ಇಲ್ಲ.

ತೆರೆಮರೆ:
ಇದನ್ನ ಯಾವ ಓದುಗ ಲೆಕ್ಕ ಹಾಕ್ತಾನೆ ಸ್ವಾಮಿ?

ಕಾಲಗಣಕ:
ಹಂಚಿಕೊಂಡ ಜಗತ್ತಿನಲ್ಲಿ ನಿಮ್ಮ ಮೊದಲ ಓದುಗರು ಉಳಿದ ಆರು ಲೇಖಕರು. ಅವರು ನೀವು ಬರೆದ 7:40ರ ಮೇಲೆ ತಮ್ಮ ಕತೆ ಕಟ್ಟುತ್ತಾರೆ.

ನೆರಳುಬೆಳಕು:
ಈಗ ನೆರಳಿಗೆ ಬರೋಣ, ಇಡೀ ಪುಸ್ತಕ ನಿಂತಿರೋದೇ ಅದರ ಮೇಲೆ.

ನಿಜವಾಗಿ ಎರಡು ದೀಪ ಇದ್ದಾಗ ಏನಾಗುತ್ತೆ? ಒಂದು ದೀಪದ ನೆರಳಿಗೆ ಇನ್ನೊಂದು ದೀಪದ ಬೆಳಕು ಬೀಳುತ್ತೆ. ಹಾಗಾಗಿ ಎರಡೂ ನೆರಳು ತೆಳು, ಒಂದರ ಮೇಲೊಂದು ಬಿದ್ದ ಜಾಗ ಮಾತ್ರ ಗಾಢ. ನಿಮ್ಮ ಮಾಯದ ನೆರಳು ಇದಕ್ಕೆ ಉಲ್ಟಾ ಇರಲಿ. ಎರಡೂ ಒಂದೇ ಗಾಢ, ಒಂದಾದ ಜಾಗದಲ್ಲೂ ಹೆಚ್ಚು ಕಪ್ಪಾಗಬಾರದು. ಬಣ್ಣ ಹಾಕುವಾಗ ಎರಡೂ ನೆರಳು ಒಂದೇ ಪದರದಲ್ಲಿ ತುಂಬಿ, ಆಮೇಲೆ ಆ ಪದರವನ್ನು ಗುಣಾಕಾರದಲ್ಲಿ (ತಂತ್ರಾಂಶದ "ಮಲ್ಟಿಪ್ಲೈ" ಆಯ್ಕೆ, ಕೆಳಗಿನ ಬಣ್ಣವನ್ನು ಗಾಢ ಮಾಡುವಂಥದ್ದು) ಇಡಿ. ಎರಡು ಬೇರೆ ಪದರ ಮಾಡಿದರೆ ಒಂದರ ಮೇಲೊಂದು ಬಿದ್ದ ಕಡೆ ತಾನೇ ಕಪ್ಪಾಗಿ ದೀಪದ ನೆರಳಿನಂತೆ ಕಾಣುತ್ತೆ.

ಇದಕ್ಕಿಂತ ಮುಖ್ಯವಾದದ್ದು ಜೊತೆಗಾರ ವಸ್ತು. ಎರಡು ನೆರಳಿನ ಮನುಷ್ಯನ ಪಕ್ಕದಲ್ಲಿ ಯಾವಾಗಲೂ ಒಂದು ಮಡಕೆಯೋ ಕಂಬವೋ ಇರಲಿ, ಅದಕ್ಕೆ ಒಂದೇ ನೆರಳು. ಆಗ ಎಷ್ಟು ದೀಪ ಅನ್ನೋ ಪ್ರಶ್ನೆಯೇ ಏಳಲ್ಲ. ಪುಸ್ತಕದ ಮೊದಲ ಮೂರು ಸಲ ಇದು ಕಡ್ಡಾಯ, ಆಮೇಲೆ ಕಣ್ಣಿಗೆ ರೂಢಿಯಾಗುತ್ತೆ.

ಬೂದಿಬಣ್ಣ:
ಅಷ್ಟು ಸಾಲದು. ಎರಡನೇ ನೆರಳು ಎತ್ತ ಬೀಳುತ್ತೆ ಅನ್ನೋಕೆ ನಿಯಮ ಬೇಕು. ಇಲ್ಲದಿದ್ದರೆ ಏಳು ಕೈಯಲ್ಲಿ ಏಳು ದಿಕ್ಕು. ಬೆಳಕು ಎಲ್ಲೇ ಇರಲಿ, ಎರಡನೆಯದು ತಂಬೋರಾದ ಕಡೆಗೇ ಚಾಚಿರುತ್ತೆ ಅಂದರೆ ಹೇಗೆ?

ನೆರಳುಬೆಳಕು:
ಚೆನ್ನಾಗಿದೆ, ಆದರೆ ಅದು ಹೊಸ ನಿಯಮ. ಈಗಿನ ಕಾಲದ ಕತೆಗಳ ಚಿತ್ರಗಳಲ್ಲಿ ಈಗಾಗಲೇ ಬೇರೆ ದಿಕ್ಕಿಗೆ ಬಿಡಿಸಿದ್ದರೆ?

ಮಸಿಕುಡಿಕೆ:
ಉಳಿದವು ಗದ್ಯ. ಚಿತ್ರ ಇರೋದು ಎರಡು ಮುಖಪುಟದಲ್ಲಿ. ಒಂದರಲ್ಲಿ ಎರಡೂ ನೆರಳು ಬಲಕ್ಕೆ.

ಕಾಲಗಣಕ:
ಆ ಮುಖಪುಟದ ಪಾತ್ರ ಉತ್ತರಕ್ಕೆ ಮುಖ ಮಾಡಿ ನಿಂತಿದೆಯೋ ದಕ್ಷಿಣಕ್ಕೋ ಅಂತ ಎಲ್ಲೂ ಹೇಳಿಲ್ಲ ತಾನೆ? ಹಾಗಾದರೆ ಬಲಕ್ಕೆ ತಂಬೋರಾ ಇದೆ, ಅಷ್ಟೆ. ಆದರೆ ಬೂದಿಬಣ್ಣ ಹೇಳಿದ್ದನ್ನು ಸ್ಕ್ರಿಪ್ಟ್‌ನಲ್ಲಿ ಸೇರಿಸುವ ಮೊದಲು ಏಳೂ ಜನರಿಂದ ಒಪ್ಪಿಗೆ ಬರಲಿ. ಹಿಂದಿನ ಕಾಲದ ಕತೆ ಬರೆಯುವವನು ಹಾಕಿದ ನಿಯಮ ಮುಂದಿನ ಕಾಲದ ಎಲ್ಲರ ಕೈಕಟ್ಟುತ್ತೆ. ಈಗಿನ ಕಾಲದ ಕತೆ ಬರೆಯುವವನಿಗೆ ಆ ಅಧಿಕಾರವೂ ಇಲ್ಲ, ಆ ಭಾರವೂ ಇಲ್ಲ.

ಅಡ್ಡಗೆರೆ:
ಮೊದಲ ನೆರಳಿನ ಲೆಕ್ಕ ಕೊಡುತ್ತೇನೆ. ತಂಬೋರಾ 8 ಡಿಗ್ರಿ ದಕ್ಷಿಣದಲ್ಲಿ. ಏಪ್ರಿಲ್ 10ಕ್ಕೆ ಸೂರ್ಯ ಸುಮಾರು 8 ಡಿಗ್ರಿ ಉತ್ತರದಲ್ಲಿ. ನಡುಹಗಲಲ್ಲಿ ನೆತ್ತಿಯಿಂದ 16 ಡಿಗ್ರಿ ಉತ್ತರಕ್ಕೆ ಸೂರ್ಯ, ನೆರಳು ದಕ್ಷಿಣಕ್ಕೆ. 160 ಸೆಂ.ಮೀ. ಎತ್ತರದವಳ ನೆರಳು 46 ಸೆಂ.ಮೀ. ಮಾತ್ರ. ಹಾಗಾಗಿ ನಡುಹಗಲ ಚೌಕದಲ್ಲಿ ಎರಡು ನೆರಳು ಕಾಲಬುಡದಲ್ಲೇ ಮುದುರಿಹೋಗುತ್ತೆ, ಯಾರಿಗೂ ಕಾಣಲ್ಲ. ಬೆಳಿಗ್ಗೆ ಇಲ್ಲವೇ ಸಂಜೆಗೆ ಇಟ್ಟುಕೊಳ್ಳಿ.

ಅಗ್ನಿಮುಖ:
ಎಲ್ಲರೂ ಒಂದು ಸಂಗತಿ ಮರೆತಿದ್ದೀರಿ. ಸ್ಫೋಟದ ನಂತರ ಸುಮಾರು 600 ಕಿ.ಮೀ. ದೂರದವರೆಗೂ ಎರಡು ದಿನ ಕಗ್ಗತ್ತಲು. ಬೂದಿ ಬೀಳುವಾಗ ಸೂರ್ಯನೇ ಇಲ್ಲ. ಕತ್ತಲು ತೆಳುವಾದ ಮೇಲೂ ಬೆಳಕು ಚದುರಿಹೋಗಿ ನೆರಳು ಸರಿಯಾಗಿ ಬೀಳಲ್ಲ. ಅಂದರೆ ಬೂದಿ ನೀರು ಕುಡಿದವರು ತಮ್ಮ ಎರಡನೇ ನೆರಳನ್ನು ಮೊದಲು ನೋಡಿದ್ದು ಬಿಸಿಲಲ್ಲಿ ಅಲ್ಲ, ಮನೆಯೊಳಗೆ ಒಂಟಿ ದೀಪದ ಮುಂದೆ. ನಿಮ್ಮ ಕರಡಿನ 19ನೇ ಪುಟದಲ್ಲಿ ಬಿಸಿಲಿನ ದೃಶ್ಯ ಇದ್ದರೆ ತೆಗೆಯಿರಿ.

ಮಸಿಕುಡಿಕೆ:
ಇತ್ತು. 🤦 ಹೋಯ್ತು.

ಅಗ್ನಿಮುಖ:
ಹಾಗೇ ಬೆಟ್ಟದ ಆಕಾರ. ಹುಡುಕಿದರೆ ಸಿಗೋದು ಈಗಿನ ಫೋಟೋ: ತಲೆ ಕತ್ತರಿಸಿದ ಬೆಟ್ಟ, 2,850 ಮೀಟರ್, ಮೇಲೆ 6 ಕಿ.ಮೀ. ಅಗಲದ ಕುಳಿ. ಅದು ಸ್ಫೋಟದ *ನಂತರದ* ಆಕಾರ. ಮೊದಲು ಅದರ ಎತ್ತರ ಸುಮಾರು 4,300 ಮೀಟರ್ ಇತ್ತು ಅಂತ ಅಂದಾಜು. ಅಂದರೆ 1ನೇ ಪುಟದಲ್ಲಿ ಚೂಪು ತುದಿ, ಕೊನೆಯಲ್ಲಿ ಮೊಂಡು. ಮೊದಲ ಪುಟದಲ್ಲೂ ಕೊನೆಯ ಪುಟದಲ್ಲೂ ಒಂದೇ ಜಾಗದಿಂದ ನೋಡಿದ ಚೌಕ ಇಡಿ, ಮಾತೇ ಬೇಡ.

ಆಮೇಲೆ ದಯವಿಟ್ಟು ಇಳಿಜಾರಲ್ಲಿ ಕೆಂಪು ಲಾವಾ ಹೊಳೆ ಹರಿಸಬೇಡಿ. ತಂಬೋರಾದ್ದು ಬೂದಿ, ನೀರಲ್ಲಿ ತೇಲುವಷ್ಟು ಹಗುರವಾದ ಪ್ಯೂಮಿಸ್ ಕಲ್ಲು, ಬೆಟ್ಟದಿಂದ ಕೆಳಗೆ ಧಾವಿಸುವ ಸುಡುಬೂದಿಯ ಮೋಡ.

ತೆರೆಮರೆ:
ಕಣ್ಣಾರೆ ಕಂಡ, ತಂಬೋರಾ ಪಕ್ಕದ ಸಾಂಗರ್ ರಾಜ್ಯದ ರಾಜನೇ ಬೆಟ್ಟವೆಲ್ಲ ದ್ರವದ ಬೆಂಕಿಯಂತೆ ಕಂಡಿತು ಅಂದಿದ್ದಾನಲ್ಲ? ಅದು ಲಾವಾ ಅಲ್ವಾ?

ಅಗ್ನಿಮುಖ:
ಅವನು ನೋಡಿದ್ದು ರಾತ್ರಿ, ದೂರದಿಂದ. ಕೆಂಪಗೆ ಕಾದ ಬೂದಿಯ ಪ್ರವಾಹ ರಾತ್ರಿಯಲ್ಲಿ ಹರಿಯುವ ಬೆಂಕಿಯ ಹಾಗೇ ಕಾಣುತ್ತೆ. ಅವನ ಕಣ್ಣಿನ ಚೌಕದಲ್ಲಿ ಹಾಗೇ ಬಿಡಿಸಿ, ತಪ್ಪಿಲ್ಲ. ಹತ್ತಿರದ ಚೌಕದಲ್ಲಿ ಮಾತ್ರ ಅದು ಮೋಡದಂತೆ ಉರುಳಬೇಕು. ಅವನ ಹೇಳಿಕೆ ನಿಮಗೆ ಚಿನ್ನ. ಸುಮಾರು 7 ಗಂಟೆಗೆ ಮೂರು ಬೆಂಕಿ ಕಂಬಗಳು ಎದ್ದು ಮೇಲೆ ಒಂದಾದವು, 8ರ ಹೊತ್ತಿಗೆ ಕಲ್ಲು ಬಿದ್ದವು, ಕೆಲವು ಎರಡು ಮುಷ್ಟಿಯಷ್ಟು ದೊಡ್ಡವು. 9ರಿಂದ 10ರ ನಡುವೆ ಬೂದಿ, ಅದರ ಬೆನ್ನಿಗೇ ಮನೆಗಳನ್ನು ಕಿತ್ತೆಸೆದ ಸುಂಟರಗಾಳಿ. ಆ ಗಾಳಿ ಬೀಸುವಷ್ಟು ಹೊತ್ತು ಸ್ಫೋಟದ ಸದ್ದು ಕೇಳಲಿಲ್ಲ ಅಂತಾನೆ.

ಚೌಕಟ್ಟು:
ಹಾಗಿದ್ದರೆ ಸುಂಟರಗಾಳಿಯ ಪುಟದಲ್ಲಿ ಸದ್ದಿನ ಅಕ್ಷರ ಒಂದೂ ಬೇಡ. ಹಿಂದಿನ ಐದಾರು ಪುಟ "ಢಮಾರ್" ತುಂಬಿಸಿ ಇಲ್ಲಿ ಪೂರ್ತಿ ಖಾಲಿ ಬಿಟ್ಟರೆ ಕಿವಿಗೆ ಬಡಿಯುತ್ತೆ.

ಪುಟ ಹೊಂದಿಸುವ ಲೆಕ್ಕ: ಒಂದನೇ ಪುಟ ಬಲಗಡೆ. ಬೆಸಸಂಖ್ಯೆ ಎಲ್ಲ ಬಲಕ್ಕೆ, ಸಮಸಂಖ್ಯೆ ಎಡಕ್ಕೆ. ಹಾಳೆ ತಿರುವಿದ ಕೂಡಲೇ ಕಣ್ಣಿಗೆ ಬೀಳೋದು ಸಮಸಂಖ್ಯೆಯ ಪುಟ. ಹಾಗಾಗಿ ಬೆಚ್ಚಿಬೀಳಿಸುವುದೆಲ್ಲ ಸಮಪುಟದಲ್ಲಿ, ಅದಕ್ಕೆ ಎಳೆಯುವ ಕೊನೆಯ ಚೌಕ ಹಿಂದಿನ ಬೆಸಪುಟದಲ್ಲಿ. 32 ಪುಟಕ್ಕೆ ನಡುವಿನಲ್ಲಿ ಪಿನ್ ಹೊಡೆದರೆ 16-17 ಒಂದೇ ಹಾಳೆ. ಚಿತ್ರ ಮಡಿಕೆ ದಾಟಿದರೂ ಎರಡು ಅರ್ಧ ಸರಿಯಾಗಿ ಕೂಡುವ ಜೋಡಿ ಅದೊಂದೇ. ಮಹಾಸ್ಫೋಟ ಅಲ್ಲಿಗೆ. ಅದನ್ನು ಮೊದಲು ನೆಟ್ಟು, ಮುಂದೆ ಹಿಂದೆ ಎಣಿಸಿಕೊಂಡು ಬನ್ನಿ. ಮುಖಗಳನ್ನು ಮಾತ್ರ ಮಡಿಕೆಯಿಂದ ದೂರ ಇಡಿ.

ಪುಟಕ್ಕೆ ಐದಾರು ಚೌಕ ಸಾಕು. ಗಡಿ ದಾಟುವ ಚಿತ್ರಕ್ಕೆ ಸುತ್ತ 3 ಮಿ.ಮೀ. ಹೆಚ್ಚುವರಿ, ಅಕ್ಷರ ಕತ್ತರಿಸುವ ಗೆರೆಯಿಂದ ಕನಿಷ್ಠ 8-10 ಮಿ.ಮೀ. ಒಳಗೆ. ಗೆರೆಚಿತ್ರ 600 ಡಿಪಿಐ, ಬಣ್ಣ 300. ಪೂರ್ತಿ ಪುಟ ಶುರುಮಾಡುವ ಮೊದಲು 32 ಪುಟವನ್ನೂ ಅಂಗೈಯಗಲದ ಕಚ್ಚಾ ಚಿತ್ರಗಳಾಗಿ ಒಂದೇ ಹಾಳೆಯಲ್ಲಿ ಬಿಡಿಸಿ. ಕತ್ತಲ ಪುಟಗಳು ಒಂದೇ ಕಡೆ ಗುಡ್ಡೆ ಬಿದ್ದಿದ್ದರೆ ಅಲ್ಲೇ ಗೊತ್ತಾಗುತ್ತೆ.

ಬೂದಿಬಣ್ಣ:
ಕತ್ತಲ ಪುಟಗಳೇ ಅಚ್ಚಿನಲ್ಲಿ ಕೈಕೊಡೋದು. ಪರದೆ ಮೇಲೆ ಚೆಂದ ಕಾಣುವ ಹತ್ತು ಬಗೆಯ ಗಾಢ ಬೂದು ಕಾಗದದಲ್ಲಿ ಒಂದೇ ಕೆಸರಾಗುತ್ತೆ, ಮಸಿ ಚುಕ್ಕೆ ಹರಡಿಕೊಳ್ಳೋದರಿಂದ. ಗಾಢ, ನಡು, ತಿಳಿ, ಮೂರೇ ಮೆಟ್ಟಿಲು ಇಟ್ಟುಕೊಳ್ಳಿ, ಒಂದಕ್ಕೂ ಇನ್ನೊಂದಕ್ಕೂ ಕನಿಷ್ಠ ಶೇ. 20 ವ್ಯತ್ಯಾಸ ಇರಲಿ. ದೊಡ್ಡ ಕಪ್ಪು ಜಾಗಕ್ಕೆ ಬರೀ ಕಪ್ಪು ಮಸಿ ಸೋತು ಬೂದಾಗಿ ಕಾಣುತ್ತೆ, ಕಪ್ಪು 100ರ ಜೊತೆ ಸಯಾನ್ 60, ಮಜೆಂಟಾ 40, ಹಳದಿ 40 ಸೇರಿಸಿದರೆ ಆಳ ಬರುತ್ತೆ. ಆದರೆ ಅದರ ಮೇಲೆ ಬಿಳಿ ಅಕ್ಷರ ಬೇಡವೇ ಬೇಡ. ನಾಲ್ಕು ಮಸಿ ಒಂದು ಕೂದಲು ಸರಿದರೂ ಅಕ್ಷರದ ಒಳಗಿನ ಸುರುಳಿ ಮುಚ್ಚಿಹೋಗುತ್ತೆ. ಬಿಳಿ ಅಕ್ಷರ ಬರುವ ಕಡೆ ಬರೀ ಕಪ್ಪು ಮಸಿ.

ಬೂದಿಯನ್ನು ಹಿಮದ ಹಾಗೆ ಬಿಡಿಸಬೇಡಿ. ಜ್ವಾಲಾಮುಖಿಯ ಬೂದಿ ಒಲೆಯ ಬೂದಿಯಲ್ಲ, ಪುಡಿಯಾದ ಕಲ್ಲು ಮತ್ತು ಗಾಜು. ತೇಲಾಡುತ್ತಾ ಇಳಿಯಲ್ಲ, ಸುರಿಯುತ್ತೆ. ಕಣ್ಣು ಕೆಂಪಾಗುತ್ತೆ, ಬಟ್ಟೆಯ ಮಡಿಕೆಯಲ್ಲಿ ತುಂಬುತ್ತೆ. ಮಳೆ ಬಿದ್ದರೆ ತೂಕ ಇಮ್ಮಡಿಯಾಗಬಹುದು. ಸುಂಬಾವಾದ್ದೇ ಊರಾದ ಬಿಮಾದಲ್ಲಿ ಛಾವಣಿಗಳು ಕುಸಿದದ್ದು ಈ ಭಾರಕ್ಕೇ. ಸಮುದ್ರದ ಚೌಕದಲ್ಲಿ ತೇಲುವ ಪ್ಯೂಮಿಸ್ ಮತ್ತು ಸುಟ್ಟ ಮರದ ದಿಮ್ಮಿ ಇರಲಿ, ನೀರು ಕಾಣದಷ್ಟು.

ಅಡ್ಡಗೆರೆ:
ಮನೆಗಳಿಗೆ ಆಧಾರ ಬೇಕಿದ್ದರೆ ತಂಬೋರಾ ತಪ್ಪಲಿನ 2004ರ ಉತ್ಖನನ ನೋಡಿ. ಜ್ವಾಲಾಮುಖಿ ತಜ್ಞ ಹರಾಲ್ದುರ್ ಸಿಗುರ್ಡ್‌ಸನ್ ತಂಡ ಸುಮಾರು 3 ಮೀಟರ್ ಬೂದಿಯ ಅಡಿಯಲ್ಲಿ ಸುಟ್ಟು ಇದ್ದಿಲಾದ ಮನೆಯೊಂದನ್ನು ಬಗೆದು ತೆಗೆದರು. ಒಳಗೆ ಇಬ್ಬರ ಅವಶೇಷ, ಕಂಚಿನ ಬಟ್ಟಲು, ಮಡಕೆ. ನೆರಳುಬೆಳಕು ಹೇಳಿದ "ಜೊತೆಗಾರ ಮಡಕೆ" ಅಲ್ಲಿಂದಲೇ ಬರಲಿ. 1817ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ವಿಲಿಯಂ ಡೇನಿಯಲ್‌ನ ಬಣ್ಣದ ಚಿತ್ರಗಳು ಉಡುಪಿಗೆ ಸಹಾಯಕ್ಕೆ ಬರುತ್ತವೆ. ಆದರೆ ಅವು ಜಾವಾದವು. ಸುಂಬಾವಾದವರಿಗೆ ಹಾಗೇ ತೊಡಿಸಿದರೆ ತಪ್ಪು.

ಒತ್ತಕ್ಷರಿ:
ಅಕ್ಷರದ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಕಾಮಿಕ್ಸ್ ಪಾಠಗಳಲ್ಲಿ "ಗುಳ್ಳೆಗೆ (ಮಾತು ಬರೆಯುವ ಬಲೂನಿಗೆ) 25 ಪದ" ಅಂತಾರಲ್ಲ, ಅದು ಇಂಗ್ಲಿಷ್ ಲೆಕ್ಕ. ಕನ್ನಡದಲ್ಲಿ ಒಂದು ಪದ ಅಂದರೆ "ಹೋಗಬೇಕಾಗಿದ್ದವರನ್ನು". 12-15 ಪದ ದಾಟಿದರೆ ಗುಳ್ಳೆ ಚಿತ್ರವನ್ನೇ ನುಂಗುತ್ತೆ. ಉದ್ದ ಪದವನ್ನು ಎಲ್ಲೆಂದರಲ್ಲಿ ಮುರಿಯಬೇಡಿ. ಮುರಿಯಬೇಕಾಗಿ ಬಂದರೆ ಪ್ರತ್ಯಯದ ಜಾಗದಲ್ಲಿ, ಅದಕ್ಕಿಂತ ಒಳ್ಳೆಯದು ವಾಕ್ಯವನ್ನೇ ಬದಲಿಸೋದು. ಸಾಲಿನ ಅಂತರ ಅಕ್ಷರದ ಅಳತೆಯ 140-150%. ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತೆ.

ಚಿತ್ರದ ತಂತ್ರಾಂಶ ಆರಿಸುವ ಮೊದಲು ಮೂರು ಪದ ಟೈಪ್ ಮಾಡಿ ನೋಡಿ: ರಾಷ್ಟ್ರ, ಜ್ಯೋತ್ಸ್ನೆ, ಅರ್ಘ್ಯ. ಒತ್ತು ಬಿಡಿಬಿಡಿಯಾಗಿ ಸಾಲಾಗಿ ನಿಂತರೆ ಆ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬರಲ್ಲ. ಕೆಲವದರಲ್ಲಿ ಭಾರತೀಯ ಲಿಪಿಗಳ ಜೋಡಣೆಯನ್ನು ಸೆಟ್ಟಿಂಗ್‌ನಲ್ಲಿ ಆನ್ ಮಾಡಬೇಕು, ಅದನ್ನೂ ನೋಡಿ. ಹಳೆಯ ಯೂನಿಕೋಡ್ ಅಲ್ಲದ ಫಾಂಟ್ ಬಳಸಿ ದಾಟಬಹುದು, ಆದರೆ ಆಮೇಲೆ ಸಂಭಾಷಣೆಯನ್ನು ಹುಡುಕಲೂ ಆಗಲ್ಲ, ಲೆಕ್ಕದ ಹಾಳೆಗೆ ನಕಲು ಮಾಡಲೂ ಆಗಲ್ಲ. ಹಂಚಿಕೊಂಡ ಜಗತ್ತಿಗೆ ಅದು ದೊಡ್ಡ ನಷ್ಟ.

ಸದ್ದನ್ನು ಎಳೆಯೋಕೆ "ಢಂ" ನಂತರ ಸೊನ್ನೆ ಮೇಲೆ ಸೊನ್ನೆ ಒತ್ತಬೇಡಿ, ಹಲವು ಕಡೆ ಚುಕ್ಕೆ ವೃತ್ತ ಬರುತ್ತೆ. ಅವಗ್ರಹ ಹಾಕಿ: ಢಮಾಽಽಽರ್. ಅದಕ್ಕಿಂತ ವಾಸಿ ಕೈಯಲ್ಲೇ ಬರೆಯೋದು. ವಾಲಿಸಿದ ಕನ್ನಡ ಅಕ್ಷರ ಕುಡಿದವರ ಹಾಗೆ ಕಾಣುತ್ತೆ, ಒತ್ತಿ ಹೇಳೋಕೆ ದಪ್ಪ ಅಕ್ಷರ ಸಾಕು.

ತೆರೆಮರೆ:
1815 ಅಲ್ವಾ, ಪಾತ್ರಗಳು ಸ್ವಲ್ಪ ಹಳೆಗನ್ನಡದ ಧಾಟಿಯಲ್ಲಿ ಮಾತಾಡಿದರೆ ಕಾಲದ ವಾಸನೆ ಬರುತ್ತೆ. "ಎಲೈ ಸೈನಿಕನೇ" ಅಂತ...

ಒತ್ತಕ್ಷರಿ:
ಬೇಡ ಗುರು, ನಾಟಕ ಕಂಪನಿ ಆಗುತ್ತೆ. ಅವರು ಆಡ್ತಿರೋದು ಮಲಯ, ಬಿಮಾ, ಜಾವಾ ಭಾಷೆ. ನಾವು ಓದ್ತಿರೋದು ಅದರ ಕನ್ನಡ. ಸಾದಾ ಕನ್ನಡ ಸಾಕು, ಇಂಗ್ಲಿಷ್ ಪದ ಮಾತ್ರ ನುಸುಳಬಾರದು. ನೀನು, ನೀವು, ತಾವು ಇಷ್ಟರಲ್ಲೇ ಯಾರು ಮೇಲು ಯಾರು ಕೀಳು ಅಂತ ತೋರಿಸಬಹುದು, ಆ ಸೌಲಭ್ಯ ಇಂಗ್ಲಿಷಿಗೆ ಇಲ್ಲ. ಯಾವನೋ ರಾಜನಿಗೆ "ನೀನು" ಅಂದ ಕ್ಷಣ ಓದುಗನ ಹುಬ್ಬು ಏರುತ್ತೆ. ಅಧಿಕಾರಿ ಇಂಗ್ಲಿಷ್ ಆಡುವಾಗ ಗುಳ್ಳೆಯ ಅಂಚು ಚೌಕ, ಮಲಯಕ್ಕೆ ದುಂಡು, ಅಷ್ಟು ಸಾಕು.

ಪಾತ್ರದ ಬಾಯಲ್ಲಿ ಕಿಲೋಮೀಟರ್, ಸೆಕೆಂಡ್ ಬರದಿರಲಿ. ಒಂದು ದಿನದ ದಾರಿ, ಅಕ್ಕಿ ಬೇಯುವಷ್ಟು ಹೊತ್ತು, ಇಂಥವು ಇರಲಿ.

ಹಡಗುಹುಚ್ಚ:
ಸಿಪಾಯಿ ಕೈಯ ಬಂದೂಕು ಚಕಮಕಿ ಕಲ್ಲಿನದು. ಪಳಗಿದವನು ನಿಮಿಷಕ್ಕೆ ಮೂರು ಗುಂಡು ಹಾರಿಸಿದರೆ ಹೆಚ್ಚು, ಪ್ರತಿ ಗುಂಡಿಗೂ ಎರಡು ಕಡೆ ಹೊಗೆ: ನಳಿಗೆಯ ಬಾಯಲ್ಲೂ ನಳಿಗೆಯ ಹಿಂಭಾಗದ ಮದ್ದಿನ ಬಟ್ಟಲಲ್ಲೂ. ಬಟ್ಟಲಿನ ಮದ್ದು ಒದ್ದೆಯಾದರೆ ಕಿಡಿ ಹತ್ತಲ್ಲ. ಬೂದಿ ಕಲೆತ ಮಳೆಯಲ್ಲಿ ಯಾರೂ ಗುಂಡು ಹಾರಿಸುವ ಸ್ಥಿತಿಯಲ್ಲಿರಲ್ಲ, ಅಲ್ಲಿ ಹೊಡೆದಾಟ ಇದ್ದರೆ ಕತ್ತಿಗೆ ಬಿಡಿ.

ತೆರೆಮರೆ:
ಆಗ ಡಬ್ಬಿಯಲ್ಲಿ ತುಂಬಿದ ಊಟ ಇತ್ತಾ? ಹಡಗಿನ ದೃಶ್ಯಕ್ಕೆ ಕೇಳ್ತಿದ್ದೀನಿ.

ಹಡಗುಹುಚ್ಚ:
ತಗಡಿನ ಡಬ್ಬಿಗೆ ಇಂಗ್ಲೆಂಡಿನಲ್ಲಿ 1810ರಲ್ಲೇ ಹಕ್ಕುಪತ್ರ ಸಿಕ್ಕಿತ್ತು. ತೆರೆಯುವ ಸಾಧನ ಬಂದದ್ದು 1850ರ ದಶಕದಲ್ಲಿ. ಅಲ್ಲಿವರೆಗೆ ಉಳಿ, ಸುತ್ತಿಗೆ. ಬಿಡಿಸಿದರೆ ಉಳಿ ಸುತ್ತಿಗೆ ಸಮೇತ ಬಿಡಿಸಿ.

ಕಾಲಗಣಕ:
ವಿಷಯ ಎಲ್ಲಿಗೋ ಹೋಯ್ತು. ಮಸಿಕುಡಿಕೆ, ಒಂದು ಮುಖ್ಯ ಪ್ರಶ್ನೆ: ಹಕ್ಕಿನ ಬಗ್ಗೆ ಏಳು ಜನ ಏನಾದರೂ ಬರೆದುಕೊಂಡಿದ್ದೀರಾ?

ಮಸಿಕುಡಿಕೆ:
ಕ್ರಿಯೇಟಿವ್ ಕಾಮನ್ಸ್ ಅಂತ ಒಪ್ಪಿಕೊಂಡಿದ್ದೇವೆ.

ಕಾಲಗಣಕ:
ಅದರಲ್ಲಿ ಯಾವುದು? ಆರು ಬಗೆ ಇವೆ. ವಾಣಿಜ್ಯ ಬಳಕೆ ನಿಷೇಧ ಇರುವ ಷರತ್ತಿನಲ್ಲಿ ಒಬ್ಬರ ಕತೆ, ಅದಿಲ್ಲದೆ "ಅದೇ ಷರತ್ತಿನಲ್ಲಿ ಹಂಚು" ಅನ್ನುವ ಬಗೆಯಲ್ಲಿ ಇನ್ನೊಬ್ಬರ ಕತೆ ಇದ್ದರೆ ಎರಡನ್ನೂ ಬೆರೆಸಿ ಒಂದು ಕಾಮಿಕ್ಸ್ ಮಾಡೋಕೆ ಬರಲ್ಲ, ಷರತ್ತುಗಳು ಒಂದಕ್ಕೊಂದು ಕೂಡಲ್ಲ. ಅಚ್ಚು ಹಾಕಿ ಮಾರುವ ಯೋಚನೆ ಇದ್ದರಂತೂ ನಿಷೇಧದ ಬಗೆ ಕಾಲಿಗೆ ತೊಡಕು, ಬರೆದವರ ಬೇರೆ ಒಪ್ಪಿಗೆ ಬೇಕು. ಒಮ್ಮೆ ಕೊಟ್ಟ ಪರವಾನಗಿ ಹಿಂದಕ್ಕೆ ಪಡೆಯೋಕೂ ಆಗಲ್ಲ.

ಜೊತೆಗೆ ಒಂದು ಪುಟದ ಕರಾರು: ಯಾರ ಪಾತ್ರವನ್ನು ಯಾರು ಸಾಯಿಸಬಹುದು, ಮದುವೆ ಮಾಡಿಸಬಹುದು, ಎಷ್ಟು ದಿನದೊಳಗೆ ಆಕ್ಷೇಪ ಹೇಳದಿದ್ದರೆ ಒಪ್ಪಿಗೆ ಅಂತ ಅರ್ಥ. ಹಿಂದಿನ ಕಾಲದಲ್ಲಿ ಒಬ್ಬನನ್ನು ಮಕ್ಕಳಿಲ್ಲದೆ ಸಾಯಿಸಿದರೆ ಈಗಿನ ಕಾಲದ ಯಾರದ್ದೋ ನಾಯಕಿಯೇ ಮಾಯ ಆಗುತ್ತಾಳೆ.

ಬೂದಿಬಣ್ಣ:
ಸ್ಕ್ರಿಪ್ಟ್ ಪೂರ್ತಿ ಆದ ಮೇಲೆ ಒಪ್ಪಿಗೆ ಕೇಳಬೇಡಿ, ಕಚ್ಚಾ ಚಿತ್ರದ ಹಾಳೆಯಲ್ಲೇ ಕೇಳಿ. ಇಂಕ್ ಹಾಕಿದ ಪುಟ ತಿದ್ದೋಕೆ ಯಾರಿಗೂ ಮನಸ್ಸು ಬರಲ್ಲ, ಆಮೇಲೆ ಜಗಳ.

ಮಸಿಕುಡಿಕೆ:
ಸರಿ, ಇವತ್ತಿನ ಲೆಕ್ಕ: 1ನೇ ಪುಟ ಚೂಪು ಬೆಟ್ಟ. 4ರಿಂದ 7 ಇಲ್ಲದ ಶತ್ರುವನ್ನು ಹುಡುಕುವ ತುಕಡಿ, ನೆಪೋಲಿಯನ್ ಔಟ್. 16-17 ಮೂರು ಬೆಂಕಿ ಕಂಬ, ಮುದುಕಿಯ "ಹುಣ್ಣಿಮೆ". 18 ಸದ್ದಿಲ್ಲದ ಸುಂಟರಗಾಳಿ. ಆಮೇಲೆ ಕತ್ತಲು. 24ರಲ್ಲಿ ಒಂಟಿ ದೀಪ, ಮಡಕೆಗೆ ಒಂದು ನೆರಳು, ಅವಳಿಗೆ ಎರಡು. ತಂಬೋರಾ ದಿಕ್ಕಿನ ನಿಯಮವನ್ನು ಉಳಿದವರ ಮುಂದೆ ಇಡುತ್ತೇನೆ.

ನೆರಳುಬೆಳಕು:
24ರಲ್ಲಿ ದೀಪ ಅವಳಿಗೂ ಬೆಟ್ಟಕ್ಕೂ ನಡುವೆ ಇರಲಿ. ಮೊದಲ ನೆರಳು ಬೆಟ್ಟಕ್ಕೆ ಬೆನ್ನು ಹಾಕುತ್ತೆ, ಎರಡನೆಯದು ದೀಪದ ಬುಡ ದಾಟಿ ಬೆಳಕಿನ ಕಡೆಗೇ ಹೋಗುತ್ತೆ. ಬೆಳಕಿನ ಕಡೆಗೆ ಹೋಗುವ ನೆರಳಿಗೆ ವಿವರಣೆಯೇ ಬೇಕಿಲ್ಲ.

ಹಡಗುಹುಚ್ಚ:
ಆ ದೀಪ ಹಚ್ಚೋದು ಯಾವುದರಿಂದ?

ಮಸಿಕುಡಿಕೆ:
...ಬೆಂಕಿಕಡ್ಡಿ ಅಂತ ಬರೆದಿದ್ದೆ.

ಹಡಗುಹುಚ್ಚ:
ಗೀರಿ ಹಚ್ಚುವ ಕಡ್ಡಿ ಬಂದದ್ದು 1826ರ ಆಸುಪಾಸಿಗೆ. ಒಲೆಯ ಕೆಂಡದಿಂದ ಹಚ್ಚಿಸಿ.

ಮಸಿಕುಡಿಕೆ:
ರಬ್ಬರಿನಲ್ಲಿ ಅಳಿಸಿದೆ.

ಕಾಲಗಣಕ:
ರಬ್ಬರ್ ಇರಬಹುದು. ಅಳಿಸೋಕೆ ಬಳಸೋದು 1770ರಲ್ಲೇ ಗೊತ್ತಿತ್ತು.